ಏಳರಲ್ಲೇ ನಿಂತ ಮೀಟರು

"ಏಳೇ ತೋರಿಸ್ತದಲ್ಲೆ, ಮತ್ತೆಂತದು ನಿನ್ನ ತಕರಾರು? ಗೇಟು ತೆಗಿ!" ಮ್ಯಾನೇಜರ್ ಕೃಷ್ಣಾನಂದರು ಮೆಟ್ಟಿಲ ಮೇಲಿನಿಂದಲೇ ಕೂಗಿ ಒಳಗೆ ಹೋದರು.

ಬಂಗಾರಿ ತೊಟ್ಟಿಯ ಗೇಟಿನ ಚಕ್ರದ ಮೇಲೆ ಕೈಯಿಟ್ಟವಳು ತಿರುಗಿಸಲಿಲ್ಲ. ಹೊನ್ನಾವರದಾಚೆಯ ಈ ಸಿಗಡಿ ಫ್ಯಾಕ್ಟರಿಯ ಕೊಳೆನೀರನ್ನು ಹದ ಮಾಡಿ ಹಳ್ಳಕ್ಕೆ ಬಿಡುವುದು ಆರು ವರ್ಷದಿಂದ ಅವಳ ಕೆಲಸ. ಪಿಎಚ್ ಮೀಟರು ಏಳರ ಆಸುಪಾಸು ತೋರಿಸಿದರೆ ನೀರು ಬಿಡಬಹುದು. ಕ್ಷಾರ ಏರಿದರೆ ಮೀಟರೇ ಆಸಿಡ್ ಪಂಪನ್ನು ಓಡಿಸಿ ಸರಿಮಾಡಿಕೊಳ್ಳುತ್ತದೆ. ಇವತ್ತು ಪಂಪಿನ ಸದ್ದೇ ಇಲ್ಲ. ಹಬ್ಬಕ್ಕೆಂದು ಫ್ಯಾಕ್ಟರಿಯನ್ನೆಲ್ಲ ಕ್ಷಾರದ ಕಾಸ್ಟಿಕ್ ಸೋಡಾ ಸುರಿದು ತೊಳೆದ ನೀರು ಇದು, ಮೀಟರು ನೋಡಿದರೆ ಏಳು ಪಾಯಿಂಟ್ ಒಂದು ಬಿಟ್ಟು ಅಲುಗುವುದಿಲ್ಲ! ತೊಟ್ಟಿಗೆ ಅದ್ದಿದ ಬೆರಳು ಮಾತ್ರ ಸೋಪು ಹಚ್ಚಿದಂತೆ ಜಾರುತ್ತಿತ್ತು.

ಬೆರಳನ್ನು ನಂಬುವ ಬುದ್ಧಿ ಅವಳಿಗೆ ಬಂದದ್ದು ಎಂಟು ಗಂಟೆಗೆ. ಆರಕ್ಕೇ ಮೊದಲ ತೊಟ್ಟಿ ನೀರನ್ನು ಆ ಏಳನ್ನು ನಂಬಿ ಹಳ್ಳಕ್ಕೆ ಬಿಟ್ಟಾಗಿತ್ತು. ಹಳ್ಳದ ತಿರುವಿನಾಚೆ, ಇಳಿತದ ಹೊತ್ತಿಗೆ, ಅವಳ ತಾಯಿ ಲಕ್ಕಿ ಮೊಣಕಾಲುದ್ದ ನೀರಿನಲ್ಲಿ ಮರಳು ಕೆದಕಿ ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಾಳೆ. ಬಂಗಾರಿ ಗೋಡೆಯ ತನಕ ಹೋಗಿ ಇಣುಕಿದಳು, ಮೀಟರಿನ ಹತ್ತಿರ ಬಂದಳು, ಮತ್ತೆ ಗೋಡೆಗೆ ಹೋದಳು. ತಿರುವಿನಾಚೆಯದು ಎಲ್ಲಿ ಕಾಣಬೇಕು? ಮೀಟರು ಸರಿಯಿರಲಿ, ನನ್ನ ಬೆರಳೇ ಸುಳ್ಳಾಗಲಿ ದೇವರೇ ಎಂದು ಬೇಡಿಕೊಂಡಳು.

ಅವಳು ಫೋನು ಮಾಡಿ ಕರೆಸಿದ ಮೀಟರು ರಿಪೇರಿಯ ರವೀಂದ್ರ ಕುಮಟೆಯಿಂದ ಬೈಕಿನಲ್ಲಿ ಬಂದಿಳಿದಾಗ ಒಂಬತ್ತೂವರೆ. ಅವನು ತೊಟ್ಟಿಯಿಂದ ಮೀಟರಿನ ಸೆನ್ಸರನ್ನು ಮೇಲೆತ್ತಿ, 'ನಾಲ್ಕು' ಎಂದು ಚೀಟಿ ಅಂಟಿಸಿದ ಪರೀಕ್ಷೆಯ ಬಾಟ್ಲಿಯಲ್ಲಿ ಅದ್ದಿದ. ಮೀಟರು ಏಳು ಎಂದಿತು. 'ಹತ್ತು' ಎಂದಿದ್ದರಲ್ಲಿ ಅದ್ದಿದ. ಆಗಲೂ ಏಳು.

"ಇದು ಕಣ್ಣು ಮುಚ್ಕಂಡು ಹೇಳ್ತಾ ಇದ್ದು. ಎಂತ ಮಾಡಿದ್ರಿ ಅಕ್ಕಾ ಇದಕ್ಕೆ?"

"ನಾ ಎಂತ ಮಾಡ್ಲಿ ಮಾರಾಯಾ?"

ಅವನು ಸೆನ್ಸರನ್ನು ಬೆಳಕಿಗೆ ಹಿಡಿದ. ತುದಿಯಲ್ಲಿನ ಬಟಾಣಿ ಗಾತ್ರದ ಗಾಜಿನ ಗುಳ್ಳೆಯ ಮೇಲೆ ಕೆಂಪಗೆ ಹೆಕ್ಕಳಿಕೆ ಕಟ್ಟಿತ್ತು. ಮೂಸಿ ನೋಡಿ ಹುಬ್ಬೇರಿಸಿದ.

"ಕುಂಕುಮ! ಎಣ್ಣೆಯಲ್ಲಿ ಕಲಸಿದ್ದು!"

ಬಂಗಾರಿ ಬಗ್ಗಿ ಗುಳ್ಳೆಯನ್ನು ನೋಡಿದಳು. "ಮೊನ್ನೆ ಆಯುಧ ಪೂಜೆ ಅಲ್ದಾ... ಎಲ್ಲಾ ಪಂಪಿಗೂ ಹಚ್ದೆ. ಹಗಲೂ ರಾತ್ರಿ ಕೊಳೆಲಿ ಮುಳುಗಿ ದುಡಿಯೂದು ಇದೊಂದೇ. ಇದನ್ನ ಬಿಟ್ರೆ ಹೆಂಗೆ ಅಂತ ತೆಗ್ದು ಒರೆಸಿ, ನೀರಲ್ಲಿ ಹೋಗ್ಬಾರ್ದು ಅಂತ ಎಣ್ಣೆ ಕುಂಕುಮ ಹಚ್ಚಿ ದೀಪದ ಮುಂದೆ ಇಟ್ಟಿದ್ದೆ. ಇವತ್ತು ಬೆಳಿಗ್ಗೆ ವಾಪಸ್ ಹಾಕ್ದೆ."

"ಎರಡು ದಿನ ಒಣಗಿಸಿದ್ರಾ! ಅಯ್ಯೋ ನನ್ನಕ್ಕಾ, ಹೊರಗೆ ತೆಗೆದ್ರೆ ಇದನ್ನ ಉಪ್ಪುನೀರಲ್ಲೇ ಇಡ್ಬೇಕು."

ರವೀಂದ್ರ ನಗು ತಡೆದುಕೊಂಡು ಗುಳ್ಳೆಯನ್ನು ಸೋಪುನೀರಿನಲ್ಲಿ ಆಡಿಸಿದ, ನೀರು ಬೆರೆಸಿದ ಆಸಿಡ್‌ನಲ್ಲಿ ಅದ್ದಿದ, ಕೊನೆಗೆ ಉಪ್ಪುನೀರಿನ ಬಾಟ್ಲಿಯಲ್ಲಿ ನಿಲ್ಲಿಸಿ ಬೀಡಿ ಹಚ್ಚಿದ. ಅರ್ಧ ಗಂಟೆ ಕಾಯಬೇಕಂತೆ! ಬಂಗಾರಿ ಚಡಪಡಿಸುತ್ತ ತೊಟ್ಟಿಯನ್ನು ಎಷ್ಟು ಸುತ್ತು ಹಾಕಿದಳೋ.

ಈಗ ಸೆನ್ಸರು 'ನಾಲ್ಕು' ಬಾಟ್ಲಿಯಲ್ಲಿ ನಾಲ್ಕು, 'ಹತ್ತು' ಬಾಟ್ಲಿಯಲ್ಲಿ ಹತ್ತು ಎಂದಿತು. ತೊಟ್ಟಿಗೆ ಇಳಿಬಿಟ್ಟರು. ಎಂಟು. ಒಂಬತ್ತೂವರೆ. ಹನ್ನೊಂದು ದಾಟಿ ನಿಂತಿತು. ಪಕ್ಕದಲ್ಲಿ ಆಸಿಡ್ ಪಂಪು ಟಕಟಕ ಓಡತೊಡಗಿತು.

"ಜೀವ ಬಂತು ನೋಡಿ!" ರವೀಂದ್ರನಿಗೆ ಖುಷಿಯೋ ಖುಷಿ.

"ಬೆಳಿಗ್ಗೆ ಬಿಟ್ಟ ನೀರೂ ಹಿಂಗೇ ಇತ್ತಾ?"

"ಅದೂ ಇದೇ ತೊಳೆದ ನೀರಲ್ದಾ? ಮತ್ತೆಂತ..." ಅವನು ಮಾತು ಮುಗಿಸುವಷ್ಟರಲ್ಲಿ ಅವಳು ಹಿಂದಿನ ಬಾಗಿಲು ದಾಟಿದ್ದಳು.

ಲಕ್ಕಿ ದಂಡೆಯಲ್ಲಿ ಕೂತು ಪಾದಗಳಿಗೆ ಮರಳು ತಿಕ್ಕುತ್ತಿದ್ದಳು. ಮೊಣಕಾಲಿನ ತನಕ ಚರ್ಮ ಕೆಂಪೇರಿತ್ತು.

"ಓಡಿ ಬಂದ್ಯಲ್ಲೆ, ಎಂತ ಆತು? ನಂಗೆ ಕಾಲು ಒಂದು ನಮೂನೆ ಉರಿತದೆ ಮಗಾ. ಆದ್ರೂ ಹಳ್ಳ ಇವತ್ತು ಕೈಬಿಡ್ಲಿಲ್ಲ ನೋಡು. ಕೆದಕೂದೇ ಬೇಡ, ಎಲ್ಲಾ ಮೇಲೇ ಬಿದ್ಕಂಡಿತ್ತು!" ಎಂದು ತುಂಬಿದ ಬುಟ್ಟಿಯನ್ನು ಮಗಳ ಮುಂದೆ ದೂಡಿದಳು.

ಮುಟ್ಟಿದರೆ ಪಟ್ಟನೆ ಚಿಪ್ಪು ಮುಚ್ಚಿಕೊಳ್ಳುವ ಜೀವ ಅದು. ಬಂಗಾರಿ ಕೂತು ಒಂದು ಬಳಚನ್ನು ಬೆರಳಿನಿಂದ ಮುಟ್ಟಿದಳು. ಇನ್ನೊಂದನ್ನು ಮುಟ್ಟಿದಳು. ಬುಟ್ಟಿಯ ತಳದ ತನಕ ಕೈ ಹಾಕಿ ಕಲಕಿದಳು. ಎಲ್ಲವೂ ಬಾಯಿ ತೆರೆದುಕೊಂಡೇ ಇದ್ದವು.