ಬಲಗಾಲಿನ ಬೂಟಿಗೆ ಗಿರಾಕಿ

"ಎಡಗಾಲಿಂದು ಒಂದ ಸಾಕ್ರಿ," ಅಂದ ಅಡಿವೆಪ್ಪ, ಊರುಗೋಲನ್ನು ಗಾಜಿನ ಕಪಾಟಿಗೆ ಒರಗಿಸುತ್ತ. "ಅರ್ಧಾ ರೊಕ್ಕಾ ತಗೋರಿ."

ಕಪ್ಪು ಬೂಟುಗಳನ್ನು ಕೈಯಲ್ಲಿ ಹಿಡಿದಿದ್ದ ಶಬ್ಬೀರ್ ತಾಯಿಯ ಮುಖ ನೋಡಿದ. ಕೊಲ್ಲಿನಾಡಿನ ಅಲ್ ಕುಸೈಸ್‌ನ ಆ ಚಪ್ಪಲಿ ಅಂಗಡಿ ಅವನ ತಂದೆಯ ಕಾಲದ್ದು. ಇಂಥ ವ್ಯಾಪಾರ ಅಲ್ಲಿ ಯಾರೂ ಕೇಳಿರಲಿಲ್ಲ.

"ಉಮ್ಮ, ಉಳಿದದ್ದನ್ನು ನಾನೆಂತ ಉಪ್ಪಿನಕಾಯಿ ಹಾಕುದಾ?"

ತಾಯಿ ಝುಲೈಖ ಗಲ್ಲಾದಿಂದ ಎದ್ದು ಬಂದಳು. "ಎರಡೂ ತಗೊಂಡು ಹೋಗಿ ಅಣ್ಣ. ದುಡ್ಡು ಬೇಡ."

ಅಡಿವೆಪ್ಪನ ಮುಖ ಗಂಟಾಯಿತು. ಕಟ್ಟಡದ ಕೆಲಸದಲ್ಲಿ ಬಲಗಾಲು ಹೋದ ಮೇಲೆ ಹಿಂದಿನ ಬೀದಿಯ ಗೋದಾಮಿಗೆ ವಾಚ್‌ಮನ್ ಆಗಿದ್ದವನು ಅವನು. ಮಗಳ ಮದುವೆಗೆಂದು ಶನಿವಾರ ಬಾಗಲಕೋಟೆಗೆ ಹೊರಟಿದ್ದ.

"ಪುಕ್ಕಟೆ ಬ್ಯಾಡ್ರಿ ಅಮ್ಮಾರ. ಮತ್ತ ಆ ಇನ್ನೊಂದು ಮಂಚದ ಕೆಳಗ ಕುಂತು ದಿನಾ ನನ್ನ ನೋಡ್ತೈತಿ. ಹಿಂದಿನ ಸಲ ತಂದದ್ದು ನೋಡಿ ನೋಡಿ ಸಾಕಾಗೇತಿ."

ಆ ಮಾತು ಝುಲೈಖಳ ಎದೆಗೆ ಹೋಗಿ ಕೂತುಬಿಟ್ಟಿತು. "ಶುಕ್ರವಾರದವರೆಗೆ ಪುರುಸೊತ್ತು ಕೊಡಿ," ಅಂದಳು. "ಬಲಗಾಲಿಗೊಬ್ಬ ಗಿರಾಕಿ ಹುಡುಕ್ತೇನೆ."

"ಇದೆಂತ ಉಮ್ಮ, ಗಂಡು ಹುಡುಕಿದ ಹಾಗೆ?" ಶಬ್ಬೀರ್ ನಕ್ಕ.

ಆದದ್ದೂ ಹಾಗೆಯೇ. ಬಂದವರನ್ನೆಲ್ಲ ಅವಳು ವಿಚಾರಿಸಿದಳು: ಎಡಗಾಲಿಲ್ಲದ, ಎಂಟು ನಂಬರಿನ, ಒಳ್ಳೆಯ ಮನುಷ್ಯ ಯಾರಾದರೂ ಇದ್ದಾರಾ? ಮೊದಲು ಸಿಕ್ಕವನ ಪಾದ ದೊಡ್ಡದಾಯಿತು. ಇನ್ನೊಬ್ಬನಿಗೆ ಇಲ್ಲದ್ದೂ ಬಲಗಾಲೇ. ಅಡಿವೆಪ್ಪ ಸವೆದ ಬೂಟಿನಲ್ಲೇ ಬೀಗರನ್ನು ಎದುರುಗೊಳ್ಳುವುದು ಕಣ್ಣಿಗೆ ಕಟ್ಟಿ, ಗುರುವಾರ ಅವಳಿಗೆ ಊಟ ಸೇರಲಿಲ್ಲ. ಆಗಲೇ ಅಲ್ ಐನ್‌ನಿಂದ ವಸಂತಿಯ ಫೋನು ಬಂತು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವಳು ಮಕ್ಕಳ ಶಾಲೆಯ ಬೂಟು ಕೊಳ್ಳುತ್ತಿದ್ದದ್ದು ಇದೇ ಅಂಗಡಿಯಲ್ಲಿ.

"ಝುಲೈಖಕ್ಕಾ, ಸಿಕ್ಕಿದ ಮಾರಾಯ್ರೆ! ಕುಂಞಾಲಿ ಅಂತ, ನಮ್ಮ ಕ್ಯಾಂಟೀನಿನ ಕ್ಯಾಶಿನಲ್ಲಿ ಕೂರ್ತಾನೆ. ಉಳ್ಳಾಲದವ. ಎಡಗಾಲಿಲ್ಲ. ಪಾದ ಎಂಟು ನಂಬರ್, ಬಾಯಿ ಮಾತ್ರ ಹನ್ನೆರಡು ನಂಬರ್!"

ಶುಕ್ರವಾರ ವಸಂತಿಯೇ ಅವನನ್ನು ಕರೆತಂದಳು. ಶಬ್ಬೀರ್ ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ, ಒಬ್ಬನಿಗೆ ಎಡದ್ದು, ಇನ್ನೊಬ್ಬನಿಗೆ ಬಲದ್ದು ತೊಡಿಸಿದ. ಅಳತೆಗೆ ಹೊಲಿಸಿದಂತೆ ಕೂತವು. ಝುಲೈಖ ನೆಮ್ಮದಿಯ ಉಸಿರು ಬಿಟ್ಟಳು.

"ಕಪ್ಪು ಬೇಡ," ಅಂದ ಕುಂಞಾಲಿ. "ಪೊಲೀಸಿನವನ ಹಾಗೆ ಕಾಣ್ತದೆ. ಕಂದು ಉಂಟಾ?"

"ಮದುವಿ ನನ್ನ ಮಗಳದೋ, ನಿನ್ನ ಮಗಳದೋ?"

"ಕಾಲು ನಂದಲ್ವಾ?"

"ಒಂದ ಬೂಟಿಗೆ ಎಷ್ಟ ಜಂಬಪಾ ನಿಂದು!"

"ನಿಂಗೇನು ನಾಲ್ಕು ಉಂಟಾ?"

ಅಂಗಡಿಗೆ ಅಂಗಡಿಯೇ ನಗುತ್ತಿತ್ತು. "ಖಲಾಸ್!" ಅಂದಳು ಝುಲೈಖ. "ಈ ಸಲ ಮದುವೆಗೆ ಕಪ್ಪು. ಮುಂದಿನ ಸಲ ಕುಂಞಾಲಿ ಹೇಳಿದ ಬಣ್ಣ."

"ಮುಂದಿನ ಸಲಾನೂ ಇಂವನ ಜೋಡೀನ ಬರಬೇಕೇನ್ರಿ?" ಅಡಿವೆಪ್ಪ ಗೊಣಗಿದ. ಅವನ ಊರಲ್ಲಿ ಜೋಡಿ ಅಂದರೆ ಜೊತೆಗೆ ಎಂದರ್ಥ. ಕುಂಞಾಲಿಗೆ ಕೇಳಿದ್ದು ಬೂಟಿನ ಜೋಡಿ.

"ಹೌದು ಮತ್ತೆ, ನಾನೇ ನಿನ್ನ ಜೋಡಿ! ಬೇರೆ ಯಾರು ಬರ್ತಾರೆ ನಿಂಗೆ?"

ಅಡಿವೆಪ್ಪನಿಗೂ ನಗು ತಡೆಯಲಾಗಲಿಲ್ಲ. ಇಬ್ಬರೂ ತಮ್ಮ ತಮ್ಮ ಪಾಲಿನ ಹಣ ಕೊಟ್ಟರು. ಈ ಬಾರಿ ಝುಲೈಖ ಬೇಡ ಅನ್ನಲಿಲ್ಲ.

"ವಾರ್ಡಿನಲ್ಲಿ ಇಂಥವರು ಇನ್ನೂ ಇದ್ದಾರೆ ಅಕ್ಕ," ಅಂದಳು ವಸಂತಿ ಮೆಲ್ಲಗೆ.

ಶಬ್ಬೀರ್ ಹೋಗಿ ಕೆಳಗಿನ ಖಾನೆಯೊಂದನ್ನು ಖಾಲಿ ಮಾಡತೊಡಗಿದ. "ಇವರಿಗೆ ಅಂತ ಇದು ಇರಲಿ ಉಮ್ಮ. ಮೇಲೆ ಎಂತ ಬರೆಯುದು?"

"ಅವರೇ ಹೇಳಿದ್ರಲ್ಲ. ಜೋಡಿ ಅಂತ ಬರಿ."

ಕಾಲಿಲ್ಲದವರಿಗೆ ಕೃತಕ ಕಾಲು ಹಾಕಿಸುವ ಪ್ರತಿಷ್ಠಾನವೊಂದನ್ನು ಝುಲೈಖಳ ಮನೆಯವರು ಮುಂದೆ ಕಟ್ಟಿ ಬೆಳೆಸಿದ್ದು ಆ ಖಾನೆಯಿಂದಲೇ. ಹೆಸರನ್ನು ಯಾರೂ ಬದಲಿಸಲಿಲ್ಲ.

ಆದರೆ ಅವತ್ತು ಝುಲೈಖ ಸುಮ್ಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಊರುಗೋಲುಗಳನ್ನು ಹೊರಬದಿಯ ಕೈಯಲ್ಲಿ ಹಿಡಿದು, ಒಬ್ಬರ ಹೆಗಲಿಗೊಬ್ಬರು ಕೈ ಹಾಕಿ, ಚಹಾ ಯಾರು ಕುಡಿಸಬೇಕೆಂದು ಜಗಳವಾಡುತ್ತ ಅವರಿಬ್ಬರೂ ರಸ್ತೆ ದಾಟುತ್ತಿದ್ದರು. ಕಾರುಗಳು ನಿಂತು ದಾರಿ ಬಿಟ್ಟಿದ್ದವು. ಬಿಸಿಲಿಗೆ ಹೊಳೆಯುತ್ತ ಎಡದ ಬೂಟು ಮುಂದಕ್ಕೆ ಬಿತ್ತು, ಅದರ ಹಿಂದೆಯೇ ಬಲದ್ದು.