ಮರಳೊಳಗಿನ ಕೆಂಡ

ಎರಡನೇ ಕೊಳಗದ ಮಸಿ ಉಜ್ಜಲು ಪಕ್ಕದಿಂದ ಹಿಡಿ ಮರಳು ಎತ್ತಿಕೊಂಡ ಮಾದಮ್ಮ ತಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡಳು. ಮರಳು ಬೆಚ್ಚಗಿತ್ತು. ಬಿಸಿಲು ಇನ್ನೂ ಮುಡುಕುತೊರೆ ಬೆಟ್ಟದ ಆಚೆಗೇ ಇತ್ತು. ಹೊಳೆ ಆ ದಡಕ್ಕೆ ಸರಿದು, ಈ ಕಡೆಯ ಮರಳೆಲ್ಲ ಇಬ್ಬನಿಗೆ ತಣ್ಣಗೆ ಬಿದ್ದಿತ್ತು. ಇಲ್ಲಿ, ಮೊರದಗಲ ಮಾತ್ರ, ಯಾಕೆ ಹೀಗೆ?

ಬೆಟ್ಟಕ್ಕೆ ಹರಕೆ ಹೊತ್ತು ಬಂದವರು ಹೊಳೆಯ ಒಣ ಮರಳಿನಲ್ಲೇ ಒಲೆ ಹೂಡುತ್ತಾರೆ. ಅವರಿಗೆ ಪಾತ್ರೆ ಬಾಡಿಗೆಗೆ ಕೊಡುವುದು ಮಾದಮ್ಮನ ಕಸುಬು. ಹೋದ ವಾರ ಮೊಮ್ಮಗಳು ಗೌತಮಿ ಈ ಮರಳಿನಲ್ಲಿ ಓಡುತ್ತ ಎರಡೂ ಅಂಗಾಲು ಸುಟ್ಟುಕೊಂಡು ಮನೆ ಹಿಡಿದಿದ್ದಳು. ಟೆಂಟು ಹಾಕಿ ಬೆಂಕಿ ಕಾಯುವ ಪೇಟೆ ಹುಡುಗರದೇ ಕೆಲಸ ಎಂದು ಪಂಚಾಯಿತಿಯ ಮುಂದೆ ಕೂಗಾಡಿದವಳು ಮಾದಮ್ಮನೇ.

ಪಂಚಾಯಿತಿಯ ನೀರುಗಂಟಿ ನಿಂಗರಾಜು ಬೋರ್ಡು ಹೊತ್ತು ಬಂದ.

"ನಿನ್ ಬಾಯಿಗೆ ಎದ್ರಿ ಮಾಡ್ಸವ್ರೆ ಕಣಕ್ಕ. ನಾಳೆಯಿಂದ ಮರಳಲ್ಲಿ ಟೆಂಟೂ ಇಲ್ಲ, ಬೆಂಕಿನೂ ಇಲ್ಲ."

"ಬೆಂಕಿ ಸರಿ. ಟೆಂಟು ಏನ್ ಮಾಡ್ತು?"

"ಮೇಲಿಂದ ನೀರ್ ಬುಟ್ರೆ ಮಲಗಿರೋರ್ನ ಎಬ್ಸಕ್ಕೆ ನೀನ್ ಬತ್ತೀಯಾ? ಅರಕೆ ಒಲೆನೂ ಇನ್ಮ್ಯಾಕೆ ದಡದ ಮ್ಯಾಲೇಯ."

"ಅರಕೆಯೋರು ಯಾರ್ ಕಾಲ ಸುಟ್ರು?"

"ಅದ್ನ ನನ್ನ್ಯಾಕೆ ಕೇಳ್ತೀಯೆ, ನಾನ್ ಬೋರ್ಡ್ ಹೊರೋನು," ಎಂದು ನಿಂಗರಾಜು ಗುಂಡಿ ತೋಡಲು ದಡ ಹತ್ತಿದ.

ಮಾದಮ್ಮನಿಗೆ ಕುತೂಹಲ ತಡೆಯಲಾಗಲಿಲ್ಲ. ನಿನ್ನೆ ಟೆಂಟು ಇದ್ದ ಜಾಗಕ್ಕೆ ಹೋಗಿ ಬೂದಿಗೆ ಕೈ ಹಾಕಿದಳು. ಒದ್ದೆ, ತಣ್ಣಗೆ. ಹುಡುಗರು ಬಾಟಲಿಗಟ್ಟಲೆ ನೀರು ಸುರಿದು ಹೋಗಿದ್ದರು. ಮರಳಿ ಬಂದು ಬೆಚ್ಚಗಿನ ಜಾಗವನ್ನು ಸೌಟಿನಿಂದ ಕೆದಕಿದಳು. ಕೈ ಬೆರಳುದ್ದ ಕೆಳಗೆ ಕೆಂಡಗಳು ಗಾಳಿ ತಾಗಿ ಕಣ್ಣು ಬಿಟ್ಟವು.

ಅದು ನಿನ್ನೆ ಕಳಲೆ ಊರಿನ ಹರಕೆಯವರು ಹೂಡಿದ ಒಲೆ. ಊಟವಾದ ಮೇಲೆ ಅವರ ಸೊಸೆ ಚೊಂಬು ನೀರು ಎತ್ತಿದಾಗ ತಡೆದವಳು ಮಾದಮ್ಮನೇ. "ಉಣ್ಣಕ್ಕಿಕ್ಕಿದ ಒಲೆಗೆ ನೀರ್ ಉಯ್ಬಾರ್ದು ಕಣವ್ವ. ಕೈ ಮುಗ್ದು ಮರಳು ಮುಚ್ಚು." ಮಾದಮ್ಮನಿಗೆ ಅವಳ ಅತ್ತೆ ಕಲಿಸಿದ ಮಾತು. ಬಂದವರಿಗೆಲ್ಲ ಹೇಳಿ ಹೇಳಿ ಅವಳಿಗೂ ರೂಢಿಯಾಗಿತ್ತು. ಮುಚ್ಚಿದ ಮೇಲೆ ಮರಳು ಎಲ್ಲ ಮರಳಿನಂತೆಯೇ ಕಾಣುತ್ತದೆ. ಒಳಗಿನ ಕಾವು ಎಲ್ಲಿಗೆ ಹೋಗುತ್ತದೆ ಎಂದು ಒಂದು ದಿನವೂ ಅವಳು ಯೋಚಿಸಿರಲಿಲ್ಲ.

"ಏನಕ್ಕ, ನಿಧಿ ಸಿಕ್ತಾ?" ಮೇಲಿನಿಂದ ನಿಂಗರಾಜು ಕೂಗಿದ.

"ಊಂ, ನಿಂಗೂ ಒಂದ್ ಪಾಲು," ಎಂದಳು, ಸೆರಗಿನ ಮರೆಯಲ್ಲಿ ಸೌಟು ಇಳಿಸಿ.

ಅಷ್ಟರಲ್ಲಿ ಬಿಳಿಗೆರೆಯಿಂದ ಬಂದ ಹರಕೆಯವರು ಮೂರು ಕಲ್ಲು ಹುಡುಕುತ್ತ ಇಳಿದರು. ಮರಳಿನಲ್ಲಿ ಇದೇ ಕೊನೆಯ ಅಡುಗೆ. ನಾಳೆಯಿಂದ ಒಲೆ ದಡಕ್ಕೆ ಹೋದರೂ ಅಲ್ಲಿಯೂ ಮಣ್ಣು ಮುಚ್ಚುವವರೇ, ಅಲ್ಲಿಯೂ ಬರಿಗಾಲಿನ ಮಕ್ಕಳೇ. ಹರಕೆಯವರ ಮನಸ್ಸಿಗೆ ಅಳುಕು ಬೇಡ; ಅವರು ಕೈ ಮುಗಿದು ಹೋಗಲಿ. ಆಮೇಲೆ ಒಂದೊಂದು ಒಲೆಗೂ ತಾನೇ ನೀರು ಹುಯ್ಯುವುದು. ದೋಷ ಬಂದರೆ ತನಗೇ ಬರಲಿ.

"ಉಂಡಾದ್ಮೇಲೆ ಒಲೆಗೆ ಏನ್ ಮಾಡ್ಬೇಕವ್ವ?" ಬಿಳಿಗೆರೆಯ ಮುದುಕಿ ಕೇಳಿದಳು.

"ಏನೂ ಬ್ಯಾಡ ಕಣಮ್ಮ. ಕೈ ಮುಗ್ದು ಒಂಟೋಗಿ," ಎಂದು ಮಾದಮ್ಮ ತೊಳೆದ ಕೊಳಗ ಎತ್ತಿ ಕೊಟ್ಟಳು.