ಬಂಡೆಗೆ ಎರಡು ಏಟು

ವರ್ಷಗಟ್ಟಲೆ ಈ ಉದ್ಯಾನದ ಗೇಟಿನವರೆಗೆ ಬಸ್ ತಂದು ನಿಲ್ಲಿಸಿದ ಡ್ರೈವರ್, ಒಳಗೆ ಕಾಲಿಟ್ಟದ್ದು ಇವತ್ತೇ ಮೊದಲು. ಜನ ಇಳಿದು ಕಡಲಂಚಿನ ವಿಚಿತ್ರ ಬಂಡೆಗಳತ್ತ ಓಡುತ್ತಿದ್ದರೆ, ಅವನೂ ಅವನ ಹೆಂಡತಿಯೂ ಬಸ್ಸಿನ ಮೆಟ್ಟಿಲ ಮೇಲೆ ಕೂತು ಟೀ ಕುಡಿದು ವಾಪಸು ಹೊರಡುತ್ತಿದ್ದರು. ಅವಳು ಅದೇ ಬಸ್ಸಿನ ಕಂಡಕ್ಟರ್. ಸೀಟಿ ಊದುವವಳಲ್ಲ. ಬಸ್ಸಿನ ತಗಡಿಗೆ ಅಂಗೈಯಿಂದ ಒಂದು ಏಟು ಕೊಟ್ಟರೆ ನಿಲ್ಲಬೇಕು, ಎರಡು ಕೊಟ್ಟರೆ ಹೊರಡಬೇಕು.

ಅವಳು ಸತ್ತು ತಿಂಗಳಾಗಿತ್ತು. ಅವನು ಅತ್ತಿರಲಿಲ್ಲ. ಉಂಡ, ಮಲಗಿದ, ಎದ್ದ, ಅಷ್ಟೇ. ನಿನ್ನೆ ಡ್ಯೂಟಿಗೆ ಹೋದರೆ, ಹೊಸ ಕಂಡಕ್ಟರ್ ಕೆನ್ನೆ ಉಬ್ಬಿಸಿಕೊಂಡು ಎಷ್ಟು ಸೀಟಿ ಊದಿದರೂ ಇವನ ಕಾಲು ಅಲುಗಲಿಲ್ಲ. ಜನ ಬಾಯಿಗೆ ಬಂದಂತೆ ಬೈದರು. ನಾಳೆಯೂ ಬಸ್ ಹೊರಡದಿದ್ದರೆ ಸ್ಟಿಯರಿಂಗ್ ಮುಟ್ಟುವುದು ಬೇಡ, ಡಿಪೋದಲ್ಲೇ ಟೈರು ಉರುಳಿಸಿಕೊಂಡಿರು ಎಂದು ಡಿಪೋ ಸಾಹೇಬ ಹೇಳಿಬಿಟ್ಟಿದ್ದ. ಅದಕ್ಕೇ ಅಕ್ಕ, ಮನಸ್ಸು ಸ್ವಲ್ಪ ಸಡಿಲವಾದೀತೆಂದು, ಅವನನ್ನು ಇಲ್ಲಿಗೆ ಎಳೆದುಕೊಂಡು ಬಂದಿದ್ದಳು.

"ನೋಡೋ, ನಿಮ್ಮ ಸಾಹೇಬನ ಮೂತಿ!" ಎಂದಳು ಅಕ್ಕ, ಮೂಗು ಚಾಚಿದ್ದ ಬಂಡೆಯೊಂದನ್ನು ತೋರಿಸಿ. "ಪುಣ್ಯಕ್ಕೆ ಇದಕ್ಕೆ ಬಾಯಿಲ್ಲ."

"ಹೂಂ."

"ಹೂಂ ಅನ್ನೋಕೆ ಇಷ್ಟು ದೂರ ಬರಬೇಕಿತ್ತಾ? ಮನೇಲಿ ಗೋಡೆ ನೋಡ್ಕೊಂಡೇ ಅನ್ಬಹುದಿತ್ತಲ್ಲ!"

"ಕಲ್ಲಲ್ವಾ ಅಕ್ಕಾ. ಇನ್ನೇನು ಅನ್ಲಿ?"

ಅಲೆ ತಿಂದು ಕತ್ತು ಸಣಕಲಾದ ಬಂಡೆಗಳು, ಜೇನುಗೂಡಿನ ಹಾಗೆ ತೂತುಬಿದ್ದ ಬಂಡೆಗಳು. ಜನ ಬಾಯಿಬಿಟ್ಟುಕೊಂಡು ನೋಡುತ್ತಿದ್ದರು. ಇವನು ಎರಡು ಬಂಡೆಗಳ ನಡುವೆ ಬಸ್ ತಿರುಗೀತೇ ಎಂದು ಅಳೆದ. ತಿರುಗದು. ಮತ್ತೇನೂ ಅನ್ನಿಸಲಿಲ್ಲ.

ಗವಿಯಂತಿದ್ದ ಬಂಡೆಯೊಂದಕ್ಕೆ ಒರಗಿ ಮರಳಿನಲ್ಲಿ ಕಾಲು ಚಾಚಿ ಕೂತರು. ಬಿಸಿಲು ಏರಿತು. ಅಕ್ಕ ಸೊಂಟ ಹಿಡಿದುಕೊಂಡು ಎದ್ದು, "ನಡಿ, ನಿನ್ನ ಸಹವಾಸ ಸಾಕು" ಎಂದು ಸಿಟ್ಟಿನಿಂದ ಬಂಡೆಗೆ ಬಡಿದಳು. ಧಬ್, ಧಬ್.

ಅವನ ಬಲಗಾಲು ಮರಳನ್ನು ಒತ್ತಿತು. ಎಡಗಾಲು, ಕ್ಲಚ್ ಬಿಡುವಂತೆ, ಮೆಲ್ಲಗೆ ಮೇಲೆದ್ದಿತು.

ಯಾರದೋ ಕಾಲನ್ನು ನೋಡುವವನಂತೆ ಅವನು ನೋಡಿದ. ಹಿಮ್ಮಡಿಯ ಕೆಳಗೆ ಆಳವಾದ ಗುಳಿ ಬಿದ್ದಿತ್ತು.

"ಏನಾಯ್ತೋ? ಅಳು ಬಂತಾ?"

"ಇಲ್ಲ." ಬಂದಿರಲಿಲ್ಲ. "ಆ ಹೊಸಬನಿಗೆ ಹೇಳ್ಬೇಕು, ಸೀಟಿ ಜೇಬಲ್ಲಿ ಇಟ್ಕೋ ಅಂತ."

"ಮತ್ತೆ?"

"ಕೈಲಿ ಬಡೀಲಿ. ಹೋಗತ್ತೆ ಬಸ್ಸು."

ಮರಳು ಕೊಡವಿಕೊಂಡು ಅವನು ಗೇಟಿನ ಕಡೆ ನಡೆದ.